ಕಲಿಯುವ ವಿಮಾನ ಅಗ್ಗವಾಗುವುದು ಹೇಗೆ?

ಯುದ್ಧವಿಮಾನದ ಮಾತು ಬಂದರೆ ನನ್ನ ಗೆಳೆಯರ ಬಾಯಲ್ಲಿ ಎರಡೇ ಹೆಸರು: ರಫೇಲ್, ತೇಜಸ್. ಯಾವುದರ ವೇಗ ಎಷ್ಟು, ಯಾವುದರಲ್ಲಿ ಎಂಥ ಕ್ಷಿಪಣಿ ಎಂದು ಗಂಟೆಗಟ್ಟಲೆ ವಾದ ನಡೆಯುತ್ತದೆ. ಅದನ್ನು ಹಾರಿಸುವ ಹುಡುಗ ಅಥವಾ ಹುಡುಗಿ ಮೊದಲು ಯಾವ ವಿಮಾನದಲ್ಲಿ ಕಲಿತರು ಎಂದು ಯಾರೂ ಕೇಳುವುದಿಲ್ಲ. ನವುಲೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಆ ಪ್ರಶ್ನೆಯೇ ದೊಡ್ಡದು ಅನಿಸುತ್ತದೆ.

ವಾಯುಪಡೆ ಸೇರಿದವರು ನೇರವಾಗಿ ಯುದ್ಧವಿಮಾನ ಹತ್ತುವುದಿಲ್ಲ. ಮೊದಲು ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ, ಆಮೇಲೆ ಸಾಧಾರಣ ಜೆಟ್, ಕೊನೆಗೆ ವೇಗದ ಜೆಟ್. ಕೊನೆಯ ಹಂತದ ಪಾಠ ನಡೆಯುವುದು ನಮ್ಮ ಬೀದರ್‌ನಲ್ಲಿ, ಬ್ರಿಟನ್ ಮೂಲದ ಹಾಕ್ ಜೆಟ್‌ಗಳಲ್ಲಿ. ಅವುಗಳಲ್ಲಿ ಹೆಚ್ಚಿನವು ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದವು.

ತರಬೇತಿ ವಿಮಾನ ಕಟ್ಟುವ ವಿದ್ಯೆ ನಮಗೆ ಹೊಸದಲ್ಲ. ವಿ.ಎಂ. ಘಾಟಗೆ ನೇತೃತ್ವದಲ್ಲಿ ಎಚ್‌ಎಎಲ್ ವಿನ್ಯಾಸ ಮಾಡಿದ ಎಚ್‌ಟಿ–2, 1951ರಲ್ಲೇ ಹಾರಿತು. 1964ರಲ್ಲಿ ಕಿರಣ್ ಜೆಟ್ ಬಂತು. ಅರವತ್ತು ವರ್ಷ ಕಳೆದರೂ ಕಿರಣ್‌ಗೆ ಬದಲಿ ಸಿಕ್ಕಿಲ್ಲ. ಬದಲಿಯಾಗಬೇಕಿದ್ದ ಸಿತಾರಾ 2003ರಲ್ಲಿ ಮೊದಲ ಸಲ ಹಾರಿತು. ಅಂದರೆ ಅದು ನನಗಿಂತ ಹಿರಿಯದು. ತೊಡಕಾದದ್ದು ಗಿರಕಿಯಲ್ಲಿ. ವೇಗ ಕಳೆದುಕೊಂಡ ವಿಮಾನ ಬುಗುರಿಯಂತೆ ಸುತ್ತುತ್ತಾ ಬೀಳತೊಡಗಿದರೆ ಅದನ್ನು ಮತ್ತೆ ಹತೋಟಿಗೆ ತರುವುದನ್ನು ಕಲಿಯುವವರು ಕಲಿಯಲೇಬೇಕು. ಸಿತಾರಾ ಆ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಬಾಲದ ವಿನ್ಯಾಸ ಬದಲಿಸಿ, 2022ರ ಹೊತ್ತಿಗೆ ಎಡಕ್ಕೂ ಬಲಕ್ಕೂ ಆರು ಸುತ್ತಿನ ಗಿರಕಿಯಿಂದ ಹೊರಬರುವುದನ್ನು ತೋರಿಸಲಾಯಿತು. 2025ರಲ್ಲಿ ಅದಕ್ಕೆ ಯಶಸ್ ಎಂಬ ಹೊಸ ಹೆಸರು ಇಟ್ಟರು. ತರಬೇತಿಗೂ ಸಣ್ಣಪುಟ್ಟ ದಾಳಿಗೂ ಆಗುವ ಅಗ್ಗದ ಜೆಟ್ ಎಂಬುದು ಅದರ ಮೇಲಿನ ನಿರೀಕ್ಷೆ.

ಅಗ್ಗ ಎಂಬ ಮಾತನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಎಚ್‌ಪಿಟಿ–32 ದೀಪಕ್ ನಮ್ಮದೇ ವಿಮಾನ, ಸರಳ, ಕಡಿಮೆ ಖರ್ಚಿನದು. ಆದರೆ ಹಾರುವಾಗಲೇ ಎಂಜಿನ್ ನಿಂತುಹೋಗುವ ತೊಂದರೆ ಅದನ್ನು ಬಿಡಲಿಲ್ಲ. 17 ಅಪಘಾತಗಳಲ್ಲಿ 19 ಪೈಲಟ್‌ಗಳು ಜೀವ ಕಳೆದುಕೊಂಡ ಮೇಲೆ, 2009ರಲ್ಲಿ ಅದನ್ನು ನೆಲಕ್ಕಿಳಿಸಲಾಯಿತು. ಮೊದಲ ಪಾಠಕ್ಕೇ ವಿಮಾನವಿಲ್ಲದೆ, ಹೊಸಬರನ್ನು ನೇರ ಕಿರಣ್ ಜೆಟ್‌ಗೆ ಹತ್ತಿಸಬೇಕಾಯಿತು. 2012ರಲ್ಲಿ ಸ್ವಿಟ್ಜರ್ಲೆಂಡ್‌ನಿಂದ 75 ಪಿಲಾಟಸ್ ವಿಮಾನ ಕೊಳ್ಳುವ ಒಪ್ಪಂದವಾಯಿತು. ಹತ್ತೊಂಬತ್ತು ಮನೆಗಳ ದುಃಖವನ್ನು ಲೆಕ್ಕಕ್ಕೆ ಹಿಡಿದರೆ ದೀಪಕ್ ಅಗ್ಗದ ವಿಮಾನ ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಹಾಗಾದರೆ ಹೊರಗಿನಿಂದ ಕೊಳ್ಳುವುದೇ ವಾಸಿ ಎನ್ನುವವರಿದ್ದಾರೆ. ಅವರ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಪಿಲಾಟಸ್ ಬಂದ ಮೇಲೆಯೇ ತರಬೇತಿ ಸುಧಾರಿಸಿತು. ಆದರೆ ತರಬೇತಿ ವಿಮಾನದಷ್ಟು ದುಡಿಯುವ ವಿಮಾನ ಬೇರೆ ಇಲ್ಲ. ಹೊಸಬರು ಧೊಪ್ಪೆಂದು ಇಳಿಸುತ್ತಾರೆ, ಚಕ್ರ ಸವೆಯುತ್ತದೆ, ಬಿಡಿಭಾಗ ಬೇಕೇ ಬೇಕು. ಮೂವತ್ತು ವರ್ಷ ಪ್ರತಿ ಬಿಡಿಭಾಗಕ್ಕೂ ಬೇರೆ ದೇಶದ ಬಾಗಿಲು ಬಡಿಯುವವರಿಗೆ ಮೊದಲ ದಿನದ ಬೆಲೆ ಕಡಿಮೆಯಾದರೆ ಏನು ಬಂತು?

ಅದಕ್ಕೇ ನನಗೆ ಎಚ್‌ಟಿಟಿ–40 ಮುಖ್ಯ. ವಾಯುಪಡೆ ಪಿಲಾಟಸ್‌ನತ್ತ ಒಲಿದಿದ್ದ ಕಾಲದಲ್ಲೂ ಎಚ್‌ಎಎಲ್ ಸ್ವಂತ ಹಣ ಹಾಕಿ ಅದನ್ನು ಕೈಬಿಡದೆ ಬೆಳೆಸಿತು. 2016ರ ಮೇ 31ರಂದು ಅದು ಹಾರಿತು. 2023ರಲ್ಲಿ ₹6,800 ಕೋಟಿಗೂ ಹೆಚ್ಚಿನ ಮೊತ್ತಕ್ಕೆ 70 ವಿಮಾನಗಳ ಖರೀದಿಗೆ ಕೇಂದ್ರ ಸಂಪುಟ ಒಪ್ಪಿತು. ಆಗ ದೇಶಿ ಭಾಗ ಸುಮಾರು ಶೇ 56. ಅದನ್ನು ಶೇ 60 ದಾಟಿಸುವ ಗುರಿ. ನೂರಕ್ಕೂ ಹೆಚ್ಚು ಸಣ್ಣ, ಮಧ್ಯಮ ಉದ್ಯಮಗಳಿಗೆ ಕೆಲಸ ಸಿಗಬಹುದು ಎಂದೂ ಸರ್ಕಾರ ಹೇಳಿತು. ಆದರೆ ಎಂಜಿನ್ ಮಾತ್ರ ಅಮೆರಿಕದ ಹನಿವೆಲ್‌ನದು. ಎಂಜಿನ್ ತಡವಾದರೆ ಏನಾಗುತ್ತದೆ ಎಂಬುದನ್ನು ತೇಜಸ್ ವಿಷಯದಲ್ಲಿ ನೋಡಿದ್ದೇವೆ.

ಆ ನೂರು ಉದ್ಯಮಗಳಲ್ಲಿ ನಮ್ಮ ಊರಿನವು ಎಷ್ಟಿರಬೇಕು ಎಂಬುದು ನನ್ನ ಪ್ರಶ್ನೆ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಮಾಚೇನಹಳ್ಳಿಯಲ್ಲಿ ಎರಕದ ಕಾರ್ಖಾನೆಗಳಿವೆ, ಲೋಹ ಬಲ್ಲ ಕೈಗಳಿವೆ. ವಿಶೇಷ ಉಕ್ಕಿಗೆ ಹೆಸರಾದ ಭದ್ರಾವತಿಯ ವಿಐಎಸ್‌ಎಲ್ ಅನ್ನು ಮುಚ್ಚುವ ನಿರ್ಧಾರ 2023ರಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಒಂದೆಡೆ ಸ್ವದೇಶಿ ವಿಮಾನದ ಮಾತು, ಇನ್ನೊಂದೆಡೆ ಉಕ್ಕು ಕಾಯಿಸಿದ ಅನುಭವವನ್ನೇ ಮನೆಗೆ ಕಳಿಸುವುದು. ಎರಡೂ ಒಟ್ಟಿಗೆ ಹೋಗುವುದಿಲ್ಲ.

ಎರಕದ ಕಾರ್ಖಾನೆ ಒಂದೇ ದಿನದಲ್ಲಿ ವಿಮಾನದ ಭಾಗ ಮಾಡಲಾರದು, ನಿಜ. ಅದಕ್ಕೆ ಕಟ್ಟುನಿಟ್ಟಾದ ಗುಣಮಟ್ಟ ಪರೀಕ್ಷೆ, ಪ್ರಮಾಣಪತ್ರ, ಬಂಡವಾಳ ಬೇಕು. ಆ ದಾರಿ ತೋರಿಸಲು ಎಚ್‌ಎಎಲ್ ಮತ್ತು ರಾಜ್ಯ ಸರ್ಕಾರ ಮಾಚೇನಹಳ್ಳಿಗೇ ಬರಲಿ. ನಮ್ಮ ಕಾಲೇಜುಗಳೂ ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತರುವುದನ್ನು ಒಪ್ಪದೆ, ಇಂಥ ಒಂದು ಬಿಡಿಭಾಗದ ಸಮಸ್ಯೆ ಕೈಗೆ ಕೊಡಲಿ. ನಾವು ಹುಡುಗರೂ ತೇಜಸ್ ತಡವಾದಾಗ ಕೇಳುವಷ್ಟೇ ಜೋರಾಗಿ, ಎಚ್‌ಟಿಟಿ–40 ಎಲ್ಲಿಗೆ ಬಂತು, ಯಶಸ್ ಯಾವಾಗ ಎಂದು ಕೇಳೋಣ. ಅವುಗಳಲ್ಲಿ ಕೂತು ಕಲಿಯುವವರು ನಮ್ಮದೇ ವಯಸ್ಸಿನವರು.