ಕಡ್ಡಿ ಗೀರುವ ಮುನ್ನ ಒಂದು ಮಾತು

ಏಕಸಂಬಿ, ಸದಲಗಾ, ಬೋರಗಾಂವ ಸೇರಿ ದೂಧಗಂಗೆ ದಂಡೆಯ ಕಬ್ಬು ಬೆಳೆಗಾರರೇ, ತಾಯಂದಿರೇ,

ಹಂಗಾಮು ಶುರುವಾಯಿತೆಂದರೆ ನಮ್ಮೂರಿನಲ್ಲಿ ಎರಡು ಸಲ ಕತ್ತಲಾಗುತ್ತದೆ. ಒಮ್ಮೆ ಹೊತ್ತು ಮುಳುಗಿ, ಇನ್ನೊಮ್ಮೆ ರವದಿಯ, ಅಂದರೆ ಕಬ್ಬಿನ ಒಣ ಗರಿಯ, ಹೊಗೆ ಕವಿದು. ತಂತಿಯ ಮೇಲಿನ ಬಿಳಿ ಧೋತರಕ್ಕೆ ಕರೀ ಎಸಳು ಬಂದು ಕೂರುತ್ತದೆ. ಕೊಡವಲು ಹೋದರೆ ಗೆರೆಯಾಗಿ ಬಳಿದುಕೊಳ್ಳುತ್ತದೆ.

ಕಾಣುವ ಮಸಿ ಧೋತರಕ್ಕೆ, ಕಾಣದ್ದು ಪುಪ್ಪುಸಕ್ಕೆ. ಹೊಗೆಯ 2.5 ಮೈಕ್ರಾನಿನ ಕಣ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಪಾಲು. ಚಳಿಯ ರಾತ್ರಿ ಹೊಗೆ ಮೇಲೇರದೆ ಓಣಿಯಲ್ಲೇ ಮಲಗುತ್ತದೆ. ಬೆಳಗಿನ ಜಾವ ಕೆಮ್ಮುವವರು ಹಾಸಿಗೆಯ ಮುದುಕರು, ತೊಟ್ಟಿಲ ಕೂಸುಗಳು. ಹೊಲದಲ್ಲಿ ಎರೆಹುಳು ಬೆಂದವು, ಬದುವಿನ ಬೇವು ಸೀದಿತು, ಕವುಜುಗದ ಮೊಟ್ಟೆ ಸುಟ್ಟಿತು.

ದಿಲ್ಲಿಯ ಹೊಗೆಯನ್ನು ಟಿವಿಯಲ್ಲಿ ನೋಡಿ ಮರುಗುತ್ತೇವೆ. ಆ ಕಡೆಯ ಹೊಲಗಳಲ್ಲಿ ಸುಡುವುದು ಭತ್ತದ ಹುಲ್ಲು, ಇಲ್ಲಿ ರವದಿ. ಬೆಂಕಿ ಒಂದೇ. ಕಾರ್ಖಾನೆಯ ಚಿಮಣಿಯ ಬೂದಿಯನ್ನು ಕೇಳಲು 1981ರ ವಾಯು ಮಾಲಿನ್ಯ ಕಾಯ್ದೆ ಇದೆ, ಕೇಳೋಣ. ಆದರೆ ನಮ್ಮ ಕೈಯ ಕಡ್ಡಿಯನ್ನು ಕೇಳುವವರು ಯಾರು?

ಎಕರೆಗೆ ಮೂರು-ನಾಲ್ಕು ಟನ್ ರವದಿ ಬೀಳುತ್ತದೆ. ಅದರ ಸಾರಜನಕ ಹೊಗೆಯಾಗಿ ಹೋಗುತ್ತದೆ. ಆಮೇಲೆ ನಾವೇ ಯೂರಿಯಾ ಚೀಲಕ್ಕೆ ಸಾಲು ನಿಲ್ಲುತ್ತೇವೆ. ಬೆಂಕಿ ಹಚ್ಚಿ ಕಡಿದ ಕಬ್ಬು ಗಾಡಿಯಲ್ಲಿ ಕಾದಷ್ಟೂ ತೂಕ ಇಳಿಯುತ್ತದೆ.

ಈ ಹಂಗಾಮಿಗೆ ಹೀಗೆ ಮಾಡೋಣ:

1. ಕುಳೆ ಬಿಡುವ ಹೊಲದಲ್ಲಿ ರವದಿಯನ್ನು ಸಾಲು ಬಿಟ್ಟು ಸಾಲಿಗೆ ಹರಡೋಣ. ತೇವ ನಿಲ್ಲುತ್ತದೆ, ಕಳೆ ಕಡಿಮೆಯಾಗುತ್ತದೆ.
2. 200 ಲೀಟರ್ ನೀರು, 2 ಕೆಜಿ ಬೆಲ್ಲಕ್ಕೆ ಗಾಜಿಯಾಬಾದಿನ ಸಾವಯವ ಕೃಷಿ ಕೇಂದ್ರದ ಕೊಳೆಸುವ ಜೀವಾಣು ಬೆರೆಸಿ, ವಾರ ಬಿಟ್ಟು ರವದಿಗೆ ಚಿಮುಕಿಸೋಣ.
3. ಬೆಂಕಿ ಹಚ್ಚಿಸದೇ ಕಡಿಯುವ ಗ್ಯಾಂಗಿಗೆ ಎರಡು ಕಾಸು ಹೆಚ್ಚು ಕೊಡೋಣ. ಗರಿ ಸುಲಿಯುವ ಅಂಗೈಯೂ ಅಂಗೈಯೇ.

ನಮ್ಮ ಬೇಡಿಕೆ:

• ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ರವದಿ ಪುಡಿ ಮಾಡುವ ಯಂತ್ರ ಕಡಿಮೆ ಬಾಡಿಗೆಗೆ ಸಿಗಬೇಕು.
• ಕಾರ್ಖಾನೆಗಳು ಕಟಾವಿನ ಪಾಳಿ ತಪ್ಪಿಸಬಾರದು. ಪಾಳಿ ತಪ್ಪಿದ ರೈತನೇ ಕಡ್ಡಿ ಹುಡುಕುತ್ತಾನೆ.
• ಚಿಮಣಿಯ ಹೊಗೆ ಅಳೆದ ಲೆಕ್ಕವನ್ನು ಕನ್ನಡದಲ್ಲಿ ಗೇಟಿನ ಮುಂದೆ ಹಚ್ಚಬೇಕು.

ಇವನ್ನು ಗ್ರಾಮಸಭೆಯಲ್ಲಿ, ಪಟ್ಟಣ ಪಂಚಾಯಿತಿಯಲ್ಲಿ, ಕಾರ್ಖಾನೆಯ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಿ. ಷೇರುದಾರ ನೀವೇ.

ಈ ಹಾಳೆ ಬಿಸಾಡಬೇಡಿ, ಬದುವಿನಾಚೆಯ ಹೊಲದವರಿಗೆ ಕೊಡಿ.

ಕಡ್ಡಿಪೆಟ್ಟಿಗೆ ಅಡುಗೆಮನೆಯಲ್ಲಿರಲಿ, ರವದಿ ಹೊಲದಲ್ಲಿರಲಿ!

— ಏಕಸಂಬಿಯ ಕಬ್ಬು ಬೆಳೆಗಾರರು