ಓಡುವ ಕ್ವಾರ್ಟರ್‌ಬ್ಯಾಕ್ ಮತ್ತು ಐವರು ಚಕ್ರರಕ್ಷಕರು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಅಲ್ಲಿನ ಫುಟ್‌ಬಾಲಿನ ಕಟ್ಟಾ ಅಭಿಮಾನಿಗಳು. ಅವರ ಬಾಯಲ್ಲಿ ಒಂದು ಮಾತನ್ನು ಪದೇ ಪದೇ ಕೇಳಿದ್ದೇನೆ. "ಮೇಷ್ಟ್ರೇ, ನಮ್ಮ ಕ್ವಾರ್ಟರ್‌ಬ್ಯಾಕ್ ಜಿಂಕೆಯ ಹಾಗೆ ಓಡುತ್ತಾನೆ. ಮುಂದಿನ ಸಾಲು ಸೊರಗಿದ್ದರೂ ಹೇಗೋ ತಪ್ಪಿಸಿಕೊಳ್ಳುತ್ತಾನೆ." ಮಗನ ಮನೆಯಲ್ಲಿ ಕಳೆದ ಚಳಿಗಾಲಗಳಲ್ಲಿ ಈ ಆಟವನ್ನು ಸಾಕಷ್ಟು ನೋಡಿರುವ ನನಗೆ ಈ ಮಾತು ಒಪ್ಪಿಗೆಯಿಲ್ಲ. ಓಡಬಲ್ಲವನಿಗೆ ಕಾವಲು ಕಡಿಮೆ ಸಾಕು ಎಂಬುದು ತರ್ಕಕ್ಕೂ ನಿಲ್ಲದು, ಅನುಭವಕ್ಕೂ ನಿಲ್ಲದು.

ಆಟದ ಪರಿಚಯವಿಲ್ಲದ ಬಂಧುಗಳಿಗಾಗಿ ಎರಡು ಮಾತು. ತಂಡಕ್ಕೆ ಹನ್ನೊಂದು ಮಂದಿ. ನಾಲ್ಕು ಯತ್ನಗಳಲ್ಲಿ ಚೆಂಡನ್ನು ಹತ್ತು ಗಜ ಮುಂದಕ್ಕೆ ಒಯ್ಯಬೇಕು. ಒಯ್ದರೆ ಮತ್ತೆ ನಾಲ್ಕು ಯತ್ನಗಳು ದೊರೆಯುತ್ತವೆ. ಚೆಂಡನ್ನು ಎಸೆಯುವ, ಹಂಚುವ, ಕೆಲವೊಮ್ಮೆ ತಾನೇ ಹಿಡಿದು ಓಡುವ ಸೂತ್ರಧಾರನೇ ಕ್ವಾರ್ಟರ್‌ಬ್ಯಾಕ್. ಅವನು ಎಸೆಯುವ ಮೊದಲೇ ಎದುರಾಳಿಗಳು ಅವನನ್ನು ಕೆಡವಿದರೆ ಅದಕ್ಕೆ ಸ್ಯಾಕ್ ಎಂದು ಹೆಸರು. ಅವನ ಮುಂದೆ ಐವರು ನಿಲ್ಲುತ್ತಾರೆ: ನಡುವೆ ಸೆಂಟರ್, ಎರಡು ಮಗ್ಗುಲಲ್ಲಿ ಗಾರ್ಡ್‌ಗಳು, ಎರಡು ತುದಿಗಳಲ್ಲಿ ಟ್ಯಾಕಲ್‌ಗಳು. ಇವರೇ ಆಫೆನ್ಸಿವ್ ಲೈನ್. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ ಮೇಲೆ ಇವರಲ್ಲಿ ಯಾರೂ ಸಾಮಾನ್ಯವಾಗಿ ಅದನ್ನು ಮುಟ್ಟುವುದೇ ಇಲ್ಲ.

ಮಹಾಭಾರತದ ಯುದ್ಧಪರ್ವಗಳನ್ನು ಓದಿದವರಿಗೆ ಇದು ಹೊಸತಲ್ಲ. ಅರ್ಜುನನ ರಥದ ಎಡಚಕ್ರವನ್ನು ಯುಧಾಮನ್ಯುವೂ ಬಲಚಕ್ರವನ್ನು ಉತ್ತಮೌಜನೂ ಕಾಯುತ್ತಿದ್ದರು. ಗಾಂಡೀವದ ಹೆಸರು ಬಲ್ಲ ಮಕ್ಕಳಿಗೆ ಈ ಇಬ್ಬರು ಪಾಂಚಾಲರ ಹೆಸರು ತಿಳಿದಿರುವುದಿಲ್ಲ. ಫುಟ್‌ಬಾಲಿನಲ್ಲೂ ಹಾಗೆಯೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದೆಡೆ ನಿಂತು ಎಸೆಯುವ ಕ್ವಾರ್ಟರ್‌ಬ್ಯಾಕನ್ನು ಕಾಯುವುದಕ್ಕಿಂತ ಓಡಾಡುವವನನ್ನು ಕಾಯುವುದು ಕಠಿಣ. ತುದಿಯಲ್ಲಿರುವ ಟ್ಯಾಕಲ್ ಎದುರಾಳಿಯತ್ತ ಮುಖಮಾಡಿ, ತನ್ನ ಕ್ವಾರ್ಟರ್‌ಬ್ಯಾಕಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಹಿಂದೆ ಇಂತಿಷ್ಟು ಗಜ ದೂರದಲ್ಲಿ ತನ್ನವನಿದ್ದಾನೆ ಎಂಬ ಲೆಕ್ಕದ ಮೇಲೆ ಎದುರಾಳಿಯನ್ನು ಹೊರಬದಿಗೆ ತಳ್ಳುತ್ತಾನೆ. ಲೆಕ್ಕ ಸರಿಯಿದ್ದರೆ ಎದುರಾಳಿ ದೊಡ್ಡ ಬಳಸು ಹಾದಿಯಲ್ಲಿ ಸುತ್ತಿ ಹೋಗುತ್ತಾನೆ. ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದಿಟ್ಟು ನಿಶ್ಚಿಂತೆಯಿಂದ ಎಸೆಯುತ್ತಾನೆ. ಆದರೆ ಅವನು ಹೇಳದೆ ಕೇಳದೆ ಹಿಂದಕ್ಕೋ ಹೊರಕ್ಕೋ ಸರಿದರೆ ಕೋನವೇ ಬದಲಾಗಿ, ಆ ಬಳಸು ಹಾದಿ ನೇರ ಹಾದಿಯಾಗುತ್ತದೆ. ಬೆನ್ನಿಗೆ ಕಣ್ಣಿಲ್ಲದ ಟ್ಯಾಕಲ್‌ಗೆ ಇದು ತಿಳಿಯುವುದು ಎದುರಾಳಿ ಥಟ್ಟನೆ ತಿರುಗಿದಾಗಲೇ. ಆಗ ಅವನ ಅಂಗಿ ಹಿಡಿದೆಳೆದರೆ ಹತ್ತು ಗಜಗಳ ದಂಡ, ಬಿಟ್ಟರೆ ಸ್ಯಾಕ್. ನಾಲ್ಕು ದಶಕಗಳ ಕಾಲ ಗಣಿತ ಬೋಧಿಸಿದ ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಸ್ವಾರಸ್ಯವೆನಿಸುವುದು ಈ ಕೋನಗಳ ಜಗಳವೇ.

ಓಡುವ ಕ್ವಾರ್ಟರ್‌ಬ್ಯಾಕಿನಿಂದ ಸಾಲಿಗೆ ಲಾಭವೂ ಉಂಟೆಂಬುದನ್ನು ಮರೆಯಬಾರದು. ಸಾಧಾರಣ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಕೈಗಿತ್ತ ಮೇಲೆ ಬರಿಯ ಪ್ರೇಕ್ಷಕ. ತಾನೇ ಓಡಬಲ್ಲವನಾದರೆ, ತುದಿಯ ಎದುರಾಳಿಯೊಬ್ಬನನ್ನು ಬೇಕೆಂದೇ ತಡೆಯದೆ ಬಿಡಬಹುದು. ಅವನು ಓಟಗಾರನತ್ತ ಹೋದರೆ ಕ್ವಾರ್ಟರ್‌ಬ್ಯಾಕ್ ತಾನೇ ಓಡುತ್ತಾನೆ. ಕ್ವಾರ್ಟರ್‌ಬ್ಯಾಕಿನತ್ತ ಬಂದರೆ ಚೆಂಡು ಓಟಗಾರನಿಗೆ. ಹೀಗೆ ಬಿಡುವಾದ ಲೈನ್‌ಮನ್ ಇನ್ನೊಬ್ಬನನ್ನು ತಡೆಯಲು ಹೋಗುತ್ತಾನೆ. ಇಂಥ ಕೊಡುಕೊಳ್ಳುವಿಕೆ ಹದಗೊಂಡಾಗ ಏನಾಗುತ್ತದೆಂಬುದಕ್ಕೆ 2019ರ ಬಾಲ್ಟಿಮೋರ್ ರೇವನ್ಸ್ ಸಾಕ್ಷಿ. ಆ ವರ್ಷ ಲಾಮಾರ್ ಜಾಕ್ಸನ್ ಒಬ್ಬರೇ 1,206 ಗಜ ಓಡಿದರು. ತಂಡ 3,296 ಗಜ ಓಡಿ ಲೀಗಿನ ದಾಖಲೆ ಬರೆಯಿತು. ಜಾಕ್ಸನ್ ಅವರಿಗೆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಸರ್ವಾನುಮತದಿಂದ ದೊರೆಯಿತು. ಎಡತುದಿಯ ರಾನಿ ಸ್ಟ್ಯಾನ್ಲಿ, ಬಲಬದಿಯ ಮಾರ್ಷಲ್ ಯಾಂಡಾ, ಬಲತುದಿಯ ಆರ್ಲ್ಯಾಂಡೊ ಬ್ರೌನ್ ಅವರ ಹೆಸರು ಎಷ್ಟು ಜನರಿಗೆ ನೆನಪಿದೆ?

ಮುಂದೆ ಯಾಂಡಾ ನಿವೃತ್ತರಾದರು. 2020ರಲ್ಲಿ ಸ್ಟ್ಯಾನ್ಲಿಯವರ ಪಾದದ ಗಂಟಿಗೆ ತೀವ್ರ ಪೆಟ್ಟಾಯಿತು. 2021ರಲ್ಲಿ ಬ್ರೌನ್ ಕ್ಯಾನ್ಸಸ್ ಸಿಟಿಗೆ ಹೋದರು. 2019ರಲ್ಲಿ 15 ಪಂದ್ಯಗಳಲ್ಲಿ 23 ಸಲ ಸ್ಯಾಕ್ ಆಗಿದ್ದ ಜಾಕ್ಸನ್, 2021ರಲ್ಲಿ 12 ಪಂದ್ಯಗಳಲ್ಲೇ 38 ಸಲ ನೆಲಕ್ಕುರುಳಿದರು. ಆ ವರ್ಷದ ಡಿಸೆಂಬರಿನಲ್ಲಿ ಪಾದದ ಗಂಟು, ಮರುವರ್ಷದ ಡಿಸೆಂಬರಿನಲ್ಲಿ ಮೊಣಕಾಲು; ಎರಡು ಋತುಗಳೂ ಅಲ್ಲಿಗೇ ಮುಗಿದವು. "ಅಷ್ಟು ಓಡಿದರೆ ಕಾಲು ಮುರಿಯದೆ ಇರುತ್ತದೆಯೇ" ಎಂದು ಜನ ಅಂದರು. ವಾಸ್ತವವಾಗಿ ಎರಡು ಸಲವೂ ಅವರು ಹೊರಟದ್ದು ಚೆಂಡನ್ನು ಎಸೆಯಲು. ಮೊದಲ ಸಲ ಎಸೆದ ಮೇಲೆ ಪೆಟ್ಟು ಬಿತ್ತು. ಎರಡನೆಯ ಸಲ ಎಸೆಯುವ ಮುನ್ನವೇ ಸ್ಯಾಕ್ ಆದರು. ಕಾವಲು ಸಡಿಲವಾದುದರ ಬೆಲೆಯನ್ನು ಕಾಲು ತೆತ್ತಿತು. ದೂರು ಮಾತ್ರ ಓಟದ ಮೇಲೆ ಬಂತು.

ಪ್ಯಾಟ್ರಿಕ್ ಮಹೋಮ್ಸ್ ಅವರ ಉದಾಹರಣೆ ಇನ್ನೂ ಸ್ಪಷ್ಟ. 2021ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಕ್ಯಾನ್ಸಸ್ ಸಿಟಿಯ ಇಬ್ಬರು ಪ್ರಮುಖ ಟ್ಯಾಕಲ್‌ಗಳೂ ಗಾಯಗೊಂಡು ಹೊರಗಿದ್ದರು. ಗಾರ್ಡ್‌ಗಳಲ್ಲೊಬ್ಬರಾದ, ವೈದ್ಯರೂ ಆಗಿದ್ದ ಲೊರಾಂ ದುವೆರ್ನೆ ತಾರ್ದೀಫ್, ಕೋವಿಡ್ ಕಾಲದಲ್ಲಿ ಆಟ ಬಿಟ್ಟು ಶುಶ್ರೂಷೆಗೆ ಹೋಗಿದ್ದರು. ಮಹೋಮ್ಸ್ ಆ ರಾತ್ರಿ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಓಡಿದ್ದೇ ಓಡಿದ್ದು. ಆದರೂ ತಂಡ 31–9ರಿಂದ ಸೋತಿತು. ತಂಡದವರು ಸುಮ್ಮನೆ ಕೂರಲಿಲ್ಲ. ಬ್ರೌನ್, ಜೋ ಥೂನಿ, ಕ್ರೀಡ್ ಹಂಫ್ರಿ, ಟ್ರೇ ಸ್ಮಿತ್ ಅವರನ್ನು ತಂದು ಸಾಲನ್ನು ಹೊಸದಾಗಿ ಕಟ್ಟಿದರು. 2023ರ ಸೂಪರ್ ಬೌಲ್‌ನ ಎದುರಾಳಿ ಫಿಲಡೆಲ್ಫಿಯಾ ಆ ಋತುವಿನಲ್ಲಿ 70 ಸ್ಯಾಕ್ ಗಳಿಸಿತ್ತು. ಅಂದು ಒಂದೂ ದಕ್ಕಲಿಲ್ಲ. ಕ್ಯಾನ್ಸಸ್ ಸಿಟಿ 38–35ರಿಂದ ಗೆದ್ದಿತು. ಗಮನಿಸಿ, ಎರಡು ಪಂದ್ಯಗಳಲ್ಲೂ ಮಹೋಮ್ಸ್ ಅವರ ಕಾಲಿಗೆ ನೋವಿತ್ತು: ಮೊದಲ ಸಲ ಬೆರಳಿಗೆ, ಎರಡನೆಯ ಸಲ ಗಂಟಿಗೆ. ಬದಲಾದದ್ದು ಅವರ ಮುಂದಿದ್ದ ಐವರಲ್ಲಿ ನಾಲ್ವರು. 2025ರ ಸೂಪರ್ ಬೌಲ್‌ನಲ್ಲಿ, ಗಾರ್ಡ್ ಆಗಿದ್ದ ಥೂನಿಯವರನ್ನೇ ಎಡತುದಿಗೆ ನಿಲ್ಲಿಸಬೇಕಾಗಿ ಬಂದಾಗ, ಅದೇ ಮಹೋಮ್ಸ್ ಆರು ಸಲ ಸ್ಯಾಕ್ ಆದರು. ತಂಡ 40–22ರಿಂದ ಸೋತಿತು.

ಎಲ್ಲ ಸ್ಯಾಕ್‌ಗಳಿಗೂ ಸಾಲನ್ನೇ ದೂರುವುದು ನ್ಯಾಯವಲ್ಲ. ತಪ್ಪಿಸಿಕೊಳ್ಳಬಲ್ಲೆನೆಂಬ ಧೈರ್ಯದಲ್ಲಿ ಚೆಂಡನ್ನು ಹೆಚ್ಚು ಹೊತ್ತು ಕೈಯಲ್ಲಿಟ್ಟುಕೊಳ್ಳುವುದು ಇಂಥವರ ಅಭ್ಯಾಸ. ರಸೆಲ್ ವಿಲ್ಸನ್ ಸಿಯಾಟಲ್‌ನಲ್ಲಿ 2018ರಲ್ಲಿ 51 ಸಲ, ಡೆನ್ವರ್‌ಗೆ ಹೋದ ಮೇಲೆ 2022ರಲ್ಲಿ 55 ಸಲ ಸ್ಯಾಕ್ ಆದರು. ಊರು ಬದಲಾಯಿತು, ಸಾಲು ಬದಲಾಯಿತು, ಸಂಖ್ಯೆ ಇಳಿಯಲಿಲ್ಲ. ಆದರೆ ಇದರಿಂದ ನನ್ನ ವಾದ ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗದು. ಹೆಚ್ಚು ಹೊತ್ತು ಕಾಯಬೇಕಾದವನಿಗೆ ಹೆಚ್ಚು ಗಟ್ಟಿಯಾದ ಕಾವಲು ಬೇಕು.

ಗೆಲುವು ಸೋಲುಗಳನ್ನು ಬದಿಗಿಟ್ಟರೂ ಒಂದು ಪ್ರಶ್ನೆ ಉಳಿಯುತ್ತದೆ. ಅದು ಒಬ್ಬ ತರುಣನ ದೇಹದ ಪ್ರಶ್ನೆ. ಇಂಡಿಯಾನಾಪೊಲಿಸ್‌ನ ಆಂಡ್ರ್ಯೂ ಲಕ್ ಎಸೆಯಲೂ ಬಲ್ಲವರು, ಓಡಲೂ ಬಲ್ಲವರು. ಪೆಟ್ಟಿನ ಮೇಲೆ ಪೆಟ್ಟು ತಿಂದು 2015ರಲ್ಲಿ ಅವರ ಮೂತ್ರಪಿಂಡ ಸೀಳಿತು. ಭುಜದ ನೋವಿನಿಂದ 2017ರ ಋತು ಪೂರ್ತಿ ಆಡಲಾಗಲಿಲ್ಲ. 2018ರಲ್ಲಿ ಕ್ವೆಂಟನ್ ನೆಲ್ಸನ್ ಎಂಬ ಸಮರ್ಥ ಗಾರ್ಡ್ ಬಂದು ಸಾಲು ಸುಧಾರಿಸಿತು. ಆ ಋತುವಿನಲ್ಲಿ ಲಕ್ ಸ್ಯಾಕ್ ಆದದ್ದು 18 ಸಲ ಮಾತ್ರ. ಆದರೆ ಕಾಲ ಮಿಂಚಿತ್ತು. 2019ರ ಆಗಸ್ಟ್‌ನಲ್ಲಿ, ತಮ್ಮ 29ನೆಯ ವಯಸ್ಸಿನಲ್ಲಿ, ನೋವು ಮತ್ತು ಚಿಕಿತ್ಸೆಗಳ ಸರಣಿಗೆ ಬೇಸತ್ತು ಅವರು ಆಟಕ್ಕೆ ವಿದಾಯ ಹೇಳಿದರು.

ಓಟದ ವೇಗ ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು; ಸಾಲನ್ನು ಮಾತ್ರ ಕಲಿಸಿ ಕಟ್ಟಬಹುದು. ಆಸ್ಟ್ರೇಲಿಯಾದ ಜಾರ್ಡನ್ ಮೈಲಾಟಾ ರಗ್ಬಿ ಲೀಗ್ ಆಡಿದವರು. 2018ರಲ್ಲಿ ಫಿಲಡೆಲ್ಫಿಯಾ ಏಳನೆಯ, ಅಂದರೆ ಕೊನೆಯ ಸುತ್ತಿನಲ್ಲಿ ಅವರನ್ನು ಆರಿಸಿದಾಗ ಅವರು ಅಮೆರಿಕನ್ ಫುಟ್‌ಬಾಲಿನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಜೆಫ್ ಸ್ಟೌಟ್‌ಲ್ಯಾಂಡ್ ಎಂಬ ತರಬೇತುದಾರರ ಕೈಯಲ್ಲಿ ವರ್ಷಗಟ್ಟಲೆ ಪಳಗಿ ಎಡತುದಿಯ ಕಾವಲುಗಾರರಾದರು. 2025ರ ಆ ಸೂಪರ್ ಬೌಲ್‌ನಲ್ಲಿ ಜೇಲನ್ ಹರ್ಟ್ಸ್ 72 ಗಜ ಓಡಿ, ಆ ಪಂದ್ಯದ ಇತಿಹಾಸದಲ್ಲೇ ಕ್ವಾರ್ಟರ್‌ಬ್ಯಾಕ್ ಒಬ್ಬರ ಅತಿ ಹೆಚ್ಚಿನ ಓಟ ದಾಖಲಿಸಿದಾಗ ಎಡಬದಿಯನ್ನು ಕಾಯುತ್ತಿದ್ದವರು ಇವರೇ. ಪಾಠ ಹೇಳಿ ಬದುಕಿದ ನನಗೆ ಹರ್ಟ್ಸ್ ಅವರ ಓಟಕ್ಕಿಂತ ಮೈಲಾಟಾ ಅವರ ಕಲಿಕೆಯೇ ಹೆಚ್ಚು ಸಂತೋಷ ಕೊಟ್ಟಿತು.

ಇನ್ನು ನನ್ನ ವಿದ್ಯಾರ್ಥಿಗಳಿಗೆ ಹಳೆಯ ಪದ್ಧತಿಯಂತೆ ಒಂದು ಮನೆಗೆಲಸ. ಮುಂದಿನ ಪಂದ್ಯದಲ್ಲಿ ಹತ್ತು ಆಟಗಳನ್ನು ಚೆಂಡಿನ ಕಡೆ ನೋಡದೆ ಎಡತುದಿಯ ಟ್ಯಾಕಲ್ ಒಬ್ಬರನ್ನೇ ನೋಡಿ. ಅವರ ಪಾದ ಎತ್ತ ಸರಿಯಿತು, ಎದುರಾಳಿಯನ್ನು ಎಷ್ಟು ದೂರ ಒಯ್ದರು, ಕ್ವಾರ್ಟರ್‌ಬ್ಯಾಕ್ ಅವರ ಲೆಕ್ಕಕ್ಕೆ ಸಿಕ್ಕರೋ ಇಲ್ಲವೋ ಬರೆದಿಡಿ. ಉತ್ತರಗಳನ್ನು ಕಳುಹಿಸಿದರೆ ಎಂದಿನಂತೆ ತಿದ್ದಿ ಕೊಡುತ್ತೇನೆ.