ಮಿಸ್ವಾಕ್ ಹಿಡಿದ ಕೈ ಮೃದುವಾಗಿರಲಿ

ಹಲ್ಲನ್ನು ಬಲವಾಗಿ ಉಜ್ಜಿದಷ್ಟೂ ಬಾಯಿ ಶುದ್ಧವಾಗುತ್ತದೆ ಎಂಬ ನಂಬಿಕೆ ನಮ್ಮ ಅನೇಕ ಮನೆಗಳಲ್ಲಿದೆ. ‘ಪ್ರತಿ ವುಝೂವಿಗೂ ಮಿಸ್ವಾಕ್ ಮಾಡುತ್ತೇನೆ, ಆದರೂ ಹಲ್ಲು ಉದ್ದವಾಗಿ ಕಾಣುತ್ತಿದೆ, ತಣ್ಣೀರು ತಾಗಿದರೆ ಜುಮ್ ಎನ್ನುತ್ತದೆ’ ಎಂದು ಹೇಳಿಕೊಂಡು ದವಾಖಾನೆಗೆ ಬರುವವರಿದ್ದಾರೆ. ಹಲ್ಲು ಉದ್ದವಾಗಿರುವುದಿಲ್ಲ, ವಸಡು ಸರಿದು ಅದರ ಬೇರು ಹೊರಗೆ ಕಾಣಿಸುತ್ತಿರುತ್ತದೆ. ಹೀಗೆ ಸರಿದ ವಸಡು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಯಾವ ಹಲ್ಲುಪುಡಿಯೂ ಅದನ್ನು ಮರಳಿ ತರುವುದಿಲ್ಲ. ಒಬ್ಬ ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ತಪ್ಪು ಮಿಸ್ವಾಕ್‌ನದ್ದಲ್ಲ, ಅದನ್ನು ಬಳಸುವ ಕ್ರಮದ್ದು. ಒಣಗಿದ ಕಡ್ಡಿಯಿಂದ ಒರಟಾಗಿ ತಿಕ್ಕಿದರೆ ವಸಡು ಸವೆಯುತ್ತದೆ. ಗಟ್ಟಿ ಎಳೆಗಳ ಬ್ರಶ್ ಬಳಸಿದರೂ ಅಷ್ಟೇ. ಮಿಸ್ವಾಕನ್ನು ಹಲ್ಲಿನ ಉದ್ದಕ್ಕೆ ಉಜ್ಜಿದರೆ ವಸಡಿಗೆ ಗಾಯವಾದೀತೆಂದು ಫಿಕ್‌ಹ್ ವಿದ್ವಾಂಸರು ಹಿಂದೆಯೇ ಎಚ್ಚರಿಸಿದ್ದಾರೆ. ಅಂದರೆ ವಸಡಿಗೆ ನೋವಾಗದಂತೆ ಉಜ್ಜುವುದೂ ಆ ಸುನ್ನತ್ತಿನ ಅದಬಿಗೆ ಸೇರಿದ್ದೇ. ಕಡ್ಡಿಯನ್ನು ನೀರಿನಲ್ಲಿ ನೆನೆಸಿ, ತುದಿ ಮೆತ್ತಗಾಗುವವರೆಗೆ ಅಗಿದು, ಹಗುರವಾಗಿ ಆಡಿಸಿ. ಎಳೆಗಳು ಕೆದರಿದರೆ ಆ ತುದಿಯನ್ನು ಕತ್ತರಿಸಿ ಹೊಸ ತುದಿ ಮಾಡಿಕೊಳ್ಳಿ. ಬಾಯಿಯ ಒಳಬದಿ ಮತ್ತು ದವಡೆ ಹಲ್ಲುಗಳನ್ನು ಮರೆಯಬೇಡಿ. ರಾತ್ರಿ ಮಲಗುವ ಮುನ್ನ ಮೃದು ಬ್ರಶ್ ಮತ್ತು ಫ್ಲೋರೈಡ್ ಪೇಸ್ಟ್ ಬಳಸಿದರೆ ಇನ್ನೂ ಒಳ್ಳೆಯದು.

ಎರಡನೆಯ ಕಾರಣ ಹಲ್ಲಿನ ಬುಡದಲ್ಲಿ ಕಟ್ಟುವ ಕಿಟ್ಟ. ಶುಚಿಗೊಳಿಸದೆ ಉಳಿದ ಪಾಚಿ ಗಟ್ಟಿಯಾಗಿ ಕಿಟ್ಟವಾಗುತ್ತದೆ. ವಸಡು ಊದಿ ರಕ್ತ ಬರುತ್ತದೆ. ಕ್ರಮೇಣ ಹಲ್ಲನ್ನು ಹಿಡಿದಿರುವ ಮೂಳೆಯೂ ಕರಗುತ್ತದೆ. ಗಟ್ಟಿಯಾದ ಕಿಟ್ಟ ಮಿಸ್ವಾಕ್‌ಗೂ ಹೋಗುವುದಿಲ್ಲ, ಬ್ರಶ್‌ಗೂ ಹೋಗುವುದಿಲ್ಲ. ದಂತವೈದ್ಯರಲ್ಲಿ ತೆಗೆಸಲೇಬೇಕು. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬ ಮಾತನ್ನು ದಯವಿಟ್ಟು ಬಿಡಿ. ಹಲ್ಲನ್ನು ಸಡಿಲಗೊಳಿಸಿರುವುದು ರೋಗ. ಅದುವರೆಗೆ ಕಿಟ್ಟದ ಮರೆಯಲ್ಲಿದ್ದದ್ದು ಕ್ಲೀನಿಂಗ್ ನಂತರ ಗೊತ್ತಾಗುತ್ತದೆ, ಅಷ್ಟೇ.

ಮೂರನೆಯದು ತಂಬಾಕು. ಬೀಡಿ, ಗುಟ್ಕಾ, ಎಲೆಯಡಿಕೆ ಜೊತೆಗಿನ ಹೊಗೆಸೊಪ್ಪು ಎಲ್ಲವೂ ವಸಡಿನ ಶತ್ರುಗಳೇ. ಮನೆಯ ಹಿರಿಯ ಹೆಂಗಸರು ನಶ್ಯಪುಡಿ ಅಥವಾ ಮಶೇರಿಯನ್ನು ಹಲ್ಲುಪುಡಿಯೆಂದೇ ತಿಳಿದು ವಸಡಿಗೆ ತಿಕ್ಕುವುದುಂಟು. ಹಲ್ಲುಜ್ಜುವ ಪೇಸ್ಟ್ ಮತ್ತು ಪುಡಿಗಳಲ್ಲಿ ತಂಬಾಕು ಬಳಸುವುದನ್ನು ನಮ್ಮ ದೇಶ 1992ರಲ್ಲೇ ನಿಷೇಧಿಸಿದೆ. ಅವರಿಗೆ ಹಿತವೆನಿಸುವುದು ಔಷಧದ ಗುಣವಲ್ಲ, ನಿಕೋಟಿನ್‌ನ ಅಮಲು. ಧೂಮಪಾನಿಗಳಲ್ಲಿ ವಸಡಿನ ರಕ್ತಸ್ರಾವ ಕಡಿಮೆ ಕಾಣುವುದರಿಂದ ರೋಗ ಒಳಗೊಳಗೇ ಬೆಳೆಯುವ ಅಪಾಯವೂ ಇದೆ.

ಹಾಗಾದರೆ ಯುನಾನಿಗೆ ಇಲ್ಲಿ ಕೆಲಸವಿಲ್ಲವೇ? ಇದೆ. ಮಾಜೂ, ಗುಲ್ನಾರ್, ಫಿಟ್ಕರಿ ಮುಂತಾದವು ಸಡಿಲ ವಸಡನ್ನು ಬಿಗಿಗೊಳಿಸುವ ಒಗರು ದ್ರವ್ಯಗಳು. ಕಿಟ್ಟ ತೆಗೆಸಿದ ಮೇಲೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ಇವುಗಳಿಂದ ಬಾಯಿ ಮುಕ್ಕಳಿಸಬಹುದು. ಕಿಟ್ಟವನ್ನು ಹಾಗೆಯೇ ಬಿಟ್ಟು ಮೇಲೆ ಪುಡಿ ತಿಕ್ಕುವುದು ಕೊಳೆಯ ಮೇಲೆ ಸುಣ್ಣ ಬಳಿದಂತೆ.

ಸಕ್ಕರೆ ಕಾಯಿಲೆ ಇರುವವರು ಇನ್ನಷ್ಟು ಎಚ್ಚರದಿಂದಿರಬೇಕು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಹಾಳಾಗುತ್ತದೆ. ವಸಡಿನ ಸೋಂಕು ಸಕ್ಕರೆಯ ಹತೋಟಿಯನ್ನೂ ಕೆಡಿಸುತ್ತದೆ. ಗರ್ಭಿಣಿಯರ ವಸಡಿನಲ್ಲಿ ರಕ್ತ ಬಂದರೆ ‘ಹೆರಿಗೆಯಾದ ಮೇಲೆ ನೋಡೋಣ’ ಎಂದು ಮುಂದೂಡಬಾರದು.

ವಸಡಿನ ರೋಗಕ್ಕೆ ಆರಂಭದಲ್ಲಿ ನೋವಿರುವುದಿಲ್ಲ. ಉಗುಳಿನಲ್ಲಿ ಕಾಣುವ ರಕ್ತವೇ ಅದರ ಮೊದಲ ಸೂಚನೆ. ಹಲ್ಲು ಅಲುಗಾಡುವವರೆಗೆ ಕಾಯದೆ ಆಗಲೇ ವೈದ್ಯರಿಗೆ ತೋರಿಸಿ.